ನಾರು ಬೆರೆಸಿದ ಹಾಳೆಗೆ ಯಾವ ಸಿಮೆಂಟು? ಇಂಗಾಲವೂ ತಗ್ಗಬೇಕು, ನಾರೂ ಉಳಿಯಬೇಕು

ಪ್ರಶ್ನೆ: ತಿಪಟೂರಿನ ಸಮೀಪ ನಮ್ಮದೊಂದು ಚಿಕ್ಕ ಘಟಕವಿದೆ. ತೆಂಗಿನ ನಾರು, ಎಂ-ಸ್ಯಾಂಡ್ ಮತ್ತು 53 ಗ್ರೇಡಿನ ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟು ಸೇರಿಸಿ 10 ಮಿಲಿಮೀಟರ್ ದಪ್ಪದ ಗೋಡೆ ಹಾಳೆಗಳನ್ನು ಮಾಡುತ್ತೇವೆ. ಕೊಟ್ಟಿಗೆ ಮತ್ತು ವಾಹನ ನಿಲ್ಲಿಸುವ ಜಾಗಗಳಿಗೆ ಹೊದಿಸಲು ಅಲೆಯಾಕಾರದ ಚಾವಣಿ ಹಾಳೆಗಳೂ ನಮ್ಮಲ್ಲಿ ತಯಾರಾಗುತ್ತವೆ. ಹೊಸ ಹಾಳೆಯನ್ನು ಸುತ್ತಿಗೆಯಿಂದ ಹೊಡೆದರೆ ಬಿರುಕು ಬಿಟ್ಟರೂ ತುಂಡಾಗುವುದಿಲ್ಲ. ಮೂರು ಮಳೆಗಾಲ ಕಳೆದ ಚಾವಣಿ ಹಾಳೆ ಮಾತ್ರ ಸಣ್ಣ ಪೆಟ್ಟಿಗೇ ಪಟ್ಟನೆ ಎರಡಾಗುತ್ತದೆ. ಇತ್ತ ಬೆಂಗಳೂರಿನ ವಾಸ್ತುಶಿಲ್ಪಿಗಳು ಕಡಿಮೆ ಇಂಗಾಲದ ಸಿಮೆಂಟಿನಲ್ಲಿ ಮಾಡಿಕೊಟ್ಟರೆ ಮಾತ್ರ ಆರ್ಡರ್ ಎನ್ನುತ್ತಿದ್ದಾರೆ. ಸಿಮೆಂಟು ಅಂಗಡಿಯವರು ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದ ಸಿಮೆಂಟೇ ಸಾಕೆಂದರು. ಸಲಹೆಗಾರರೊಬ್ಬರು ಜಿಯೋಪಾಲಿಮರ್ ಎಂದರು. ನಮ್ಮ ಭಾವಮೈದುನ ಮೆಗ್ನೀಷಿಯಂ ಬೋರ್ಡಿನ ತಂತ್ರ ತರೋಣ ಎನ್ನುತ್ತಾನೆ. ‘ಹಸಿರು ಸಿಮೆಂಟೆಲ್ಲ ಸಪ್ಪೆ, ಹಾಳೆ ಇನ್ನೂ ಬೇಗ ಕೆಡುತ್ತದೆ’ ಎಂಬುದು ನಮ್ಮ ಮೇಸ್ತ್ರಿಯ ಮಾತು. ಯಾರನ್ನು ನಂಬಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಹಾಳೆ ಮೂರು ವರ್ಷಕ್ಕೇ ಪೆಡಸಾಗುತ್ತಿರುವುದು ಒಂದು, ಗ್ರಾಹಕರು ಇಂಗಾಲದ ಲೆಕ್ಕ ಕೇಳುತ್ತಿರುವುದು ಇನ್ನೊಂದು. ಇವೆರಡನ್ನೂ ನೀವು ಬೇರೆ ಬೇರೆ ಸಮಸ್ಯೆಗಳೆಂದು ಭಾವಿಸಿದ್ದೀರಿ, ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಹದಗೆಡಬಹುದೆಂಬ ಅಂಜಿಕೆಯೂ ನಿಮಗಿದೆ. ಸಸ್ಯದ ನಾರು ಬಳಸುವವರ ಮಟ್ಟಿಗೆ ಇವೆರಡರ ಬೇರು ಬಹುಪಾಲು ಒಂದೇ, ಅದು ಸಿಮೆಂಟಿನೊಳಗಿನ ಸುಣ್ಣ. ಆದ್ದರಿಂದ ಯಾವುದೇ ಸಿಮೆಂಟನ್ನು ಆರಿಸುವಾಗ ಚೀಲದ ಮೇಲಿನ ಹಸಿರು ಎಲೆಯ ಗುರುತನ್ನು ನೋಡಬೇಡಿ. ಗಟ್ಟಿಯಾದ ಮೇಲೆ ಅದರೊಳಗೆ ಎಷ್ಟು ಸುಣ್ಣ ಬಿಡಿಯಾಗಿ ಉಳಿಯುತ್ತದೆ ಎಂದು ಕೇಳಿ.

ಮೊದಲು ಇಂಗಾಲದ ಮಾತು. ಸಾಮಾನ್ಯ ಸಿಮೆಂಟಿನ ಜೀವಾಳವಾದ ಕ್ಲಿಂಕರನ್ನು ಸುಣ್ಣದ ಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ತಯಾರಿಸುತ್ತಾರೆ. ಒಂದು ಟನ್ ಕ್ಲಿಂಕರಿಗೆ ಸುಮಾರು 0.8ರಿಂದ 0.9 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದರಲ್ಲಿ ಸುಮಾರು ಶೇ 60ರಷ್ಟು ಬರುವುದು ಇಂಧನದಿಂದಲ್ಲ, ಸುಣ್ಣದ ಕಲ್ಲೇ ಒಡೆದು ತನ್ನೊಳಗಿನ ಅನಿಲವನ್ನು ಬಿಡುವುದರಿಂದ. ಹೀಗಾಗಿ ಗೂಡಿಗೆ ಸೌರಶಕ್ತಿಯನ್ನೇ ಕೊಟ್ಟರೂ ಆ ಪಾಲು ಉಳಿದೇ ಉಳಿಯುತ್ತದೆ. ಕ್ಲಿಂಕರನ್ನು ಕಡಿಮೆ ಬಳಸುವುದೇ ಸದ್ಯಕ್ಕೆ ಕೈಗೆಟಕುವ ದಾರಿ. ನೀವು ಬಳಸುವ ಒಪಿಸಿಯಲ್ಲಿ ಶೇ 90ಕ್ಕಿಂತ ಹೆಚ್ಚು ಕ್ಲಿಂಕರೇ ಇರುತ್ತದೆ.

ಇನ್ನು ನಾರಿನ ವಿಷಯ. ಕ್ಲಿಂಕರಿಗೆ ನೀರು ಸೇರಿ ಅದು ಗಟ್ಟಿಯಾಗುವಾಗ, ಬಲ ಕೊಡುವ ಅಂಟಿನ ಜೊತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣವೂ ಹುಟ್ಟುತ್ತದೆ. ಗಟ್ಟಿಯಾದ ಒಪಿಸಿಯಲ್ಲಿ ಸುಮಾರು ಐದನೇ ಒಂದು ಪಾಲು ಇದೇ ಇರುತ್ತದೆ. ಸೂಕ್ಷ್ಮ ರಂಧ್ರಗಳಲ್ಲಿ ನಿಲ್ಲುವ ನೀರಿನ ಪಿಎಚ್, ಅಂದರೆ ಕ್ಷಾರದ ಅಳತೆ, 13ರ ಆಸುಪಾಸಿಗೆ ಏರುತ್ತದೆ. ಕಬ್ಬಿಣಕ್ಕೆ ಈ ಕ್ಷಾರ ರಕ್ಷೆ, ಅದು ಇರುವವರೆಗೂ ಸರಳುಗಳು ತುಕ್ಕು ಹಿಡಿಯುವುದಿಲ್ಲ. ಸಸ್ಯದ ನಾರಿಗೆ ಅದೇ ಕ್ಷಾರ ಶತ್ರು. ನಾರಿನ ಕೋಶಗಳನ್ನು ಒಂದಕ್ಕೊಂದು ಬಿಗಿದಿಟ್ಟಿರುವ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್ ಕ್ಷಾರದಲ್ಲಿ ಕರಗುತ್ತಾ ಹೋಗುತ್ತವೆ, ಸೆಲ್ಯುಲೋಸಿನ ಸರಪಳಿಗಳೂ ನಿಧಾನವಾಗಿ ತುಂಡಾಗುತ್ತವೆ. ಇದು ಸಾಲದೆಂಬಂತೆ ಮಳೆಯಲ್ಲಿ ನೆನೆದು ಬಿಸಿಲಿನಲ್ಲಿ ಒಣಗುವ ಪ್ರತಿ ಸುತ್ತಿನಲ್ಲೂ ಸುಣ್ಣದ ನೀರು ನಾರಿನ ಟೊಳ್ಳುಗಳೊಳಗೆ ನುಗ್ಗಿ ಅಲ್ಲೇ ಹರಳುಗಟ್ಟುತ್ತದೆ. ಬಾಗುತ್ತಿದ್ದ ನಾರು ಒಳಗಿನಿಂದ ಕಲ್ಲಾಗುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಶೇ 40ರಷ್ಟಿರುವುದರಿಂದ ಅದು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ‘ತೆಂಗಿನ ನಾರಿಗೆ ಏನೂ ಆಗುವುದಿಲ್ಲ’ ಎಂಬ ನಂಬಿಕೆ ಹುಟ್ಟಿದ್ದು ಇದರಿಂದಲೇ. ಆದರೆ ಕ್ಷಾರ ಮೊದಲು ಕರಗಿಸುವುದೇ ಆ ಲಿಗ್ನಿನ್ನನ್ನು.

ನಿಮ್ಮಲ್ಲೂ ಹೀಗೆಯೇ ಆಗಿದೆಯೇ ಎಂದು ನೀವೇ ನೋಡಬಹುದು. ಮೂರು ವರ್ಷದ ಹಳೆಯ ಚಾವಣಿ ಹಾಳೆಯೊಂದನ್ನು ಮುರಿದು, ಒಡೆದ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ. ನಾರು ಆರೋಗ್ಯವಾಗಿದ್ದರೆ ಅಂಚಿನಿಂದ ಕೂದಲಿನಂತೆ ಹೊರಚಾಚಿಕೊಂಡಿರುತ್ತದೆ, ಎಳೆದರೆ ತನ್ನ ಗೂಡಿನಿಂದ ಜಾರಿ ಬರುತ್ತದೆ. ಕೆಟ್ಟಿದ್ದರೆ ಗಾರೆಯ ಮಟ್ಟಕ್ಕೇ ಕತ್ತರಿಸಿದಂತೆ ತುಂಡಾಗಿರುತ್ತದೆ, ತುದಿಯನ್ನು ಉಗುರಿನಿಂದ ಒತ್ತಿದರೆ ಪುಡಿಯಾಗುತ್ತದೆ. ಬಳಿಕ ಆ ಹಸಿ ಒಡಕಿನ ಮೇಲೆ ಪ್ರಯೋಗಾಲಯ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ಫಿನಾಲ್ಫ್ಥಲೀನ್ ದ್ರಾವಣವನ್ನು ಸಿಂಪಡಿಸಿ. ಕಡು ಗುಲಾಬಿ ಬಣ್ಣ ಬಂದ ಕಡೆ ಕ್ಷಾರ ಇನ್ನೂ ಬಲವಾಗಿದೆ. ಬಣ್ಣ ಏರದ ಕಡೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸುಣ್ಣವನ್ನು ತಟಸ್ಥಗೊಳಿಸಿದೆ. ಗೋಡೆಯ ಒಳಭಾಗದಲ್ಲಿ ನೆನೆಯದೆ ಉಳಿದ ಹಾಳೆಯನ್ನೂ ಹೀಗೆಯೇ ಪಕ್ಕದಲ್ಲಿಟ್ಟು ಹೋಲಿಸಿದರೆ, ಕೆಡಿಸಿದ್ದು ವಯಸ್ಸೋ, ನೆನೆದು ಒಣಗಿದ ಸುತ್ತುಗಳೋ ಎಂಬುದು ನಿಮಗೇ ಗೊತ್ತಾಗುತ್ತದೆ.

ನಿಮಗೆ ಬಂದ ಸಲಹೆಗಳನ್ನು ಈಗ ಒಂದೊಂದಾಗಿ ನೋಡೋಣ. ಸ್ಲ್ಯಾಗ್ ಸಿಮೆಂಟು ಇಂಗಾಲದ ಲೆಕ್ಕದಲ್ಲಿ ನಿಜಕ್ಕೂ ಒಳ್ಳೆಯದು. ಐಎಸ್ 455 ಎಂಬ ಭಾರತೀಯ ಮಾನಕದ ಪ್ರಕಾರ ಅದರಲ್ಲಿ ಶೇ 25ರಿಂದ 70ರವರೆಗೆ ಸ್ಲ್ಯಾಗ್ ಇರಬಹುದು, ಮತ್ತು ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಾಗಿ ನಮ್ಮ ಭಾಗದಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ನಾರಿನ ವಿಷಯಕ್ಕೆ ಬಂದಾಗ ಅಂಗಡಿಯವರ ಮಾತು ಅರ್ಧ ಸತ್ಯ. ಬ್ರೆಜಿಲ್‌ನಲ್ಲಿ ಕತ್ತಾಳೆ ಜಾತಿಯ ಸಿಸಾಲ್ ನಾರು ಮತ್ತು ತೆಂಗಿನ ನಾರುಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಪೋರ್ಟ್‌ಲ್ಯಾಂಡ್ ಸಿಮೆಂಟಿನ ಒಂದು ಪಾಲಿನ ಬದಲು ಸ್ಲ್ಯಾಗ್ ಹಾಕಿದರೂ ಹಾಳೆ ಪೆಡಸಾಗುವುದು ತಪ್ಪಲಿಲ್ಲ. ಅದೇ ಪರೀಕ್ಷೆಗಳಲ್ಲಿ ಸಿಲಿಕಾ ಫ್ಯೂಮ್ ಎಂಬ ಅತಿ ನುಣುಪಾದ ಪುಡಿಯ ಬೆರಕೆಯೂ, ಆರಂಭದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ ಕೋಣೆಯಲ್ಲಿಟ್ಟು ಹದಗೊಳಿಸಿದ ಕ್ರಮವೂ ಫಲ ಕೊಟ್ಟವು. ಸ್ಲ್ಯಾಗ್‌ನಲ್ಲಿ ಸ್ವಂತ ಸುಣ್ಣಾಂಶವಿರುವುದರಿಂದ ಕ್ಲಿಂಕರ್ ಬಿಡುವ ಸುಣ್ಣವನ್ನು ಅದು ಅಷ್ಟಾಗಿ ಬಳಸಿಕೊಳ್ಳುವುದಿಲ್ಲ, ರಂಧ್ರದ ನೀರು ಕ್ಷಾರವಾಗಿಯೇ ಉಳಿಯುತ್ತದೆ.

ಸ್ಲ್ಯಾಗ್ ಅನ್ನು ಕ್ಲಿಂಕರಿನ ಜೊತೆ ಬೆರೆಸುವ ಬದಲು, ಜಿಪ್ಸಂ ಮತ್ತು ಅಲ್ಪ ಸುಣ್ಣದಿಂದ ಕೆರಳಿಸಿ ಕ್ಲಿಂಕರಿಲ್ಲದೆಯೇ ಬಳಸಿದಾಗ ಫಲ ಬೇರೆಯೇ ಆಯಿತು. ಸಾವೊ ಪಾಲೊದಲ್ಲಿ ಅಂಥ ಸಿಮೆಂಟು ಮತ್ತು ತೆಂಗಿನ ನಾರಿನ ಗೋಡೆ ಫಲಕಗಳಿಂದ ಕಟ್ಟಿದ ಮನೆಯೊಂದರ ಗೋಡೆಗಳಿಂದ 12 ವರ್ಷಗಳ ಬಳಿಕ ನಾರನ್ನು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾರು ಹಾಳಾದಂತೆ ಕಾಣಲಿಲ್ಲ. ಹೊರಗೋಡೆಯ ನಾರಿನಲ್ಲಿ ಲಿಗ್ನಿನ್ ಮಾತ್ರ ಒಳಗೋಡೆಯದಕ್ಕಿಂತ ಕಡಿಮೆಯಾಗಿತ್ತು. ತೆಂಗಿನ ನಾರಿನ ಉದ್ಯಮಿಗಳೆಲ್ಲರೂ ತಿಳಿದಿರಬೇಕಾದ ಸಂಗತಿಯಿದು. ಈ ಜಾತಿಗೆ ಹತ್ತಿರದ ಸೂಪರ್‌ಸಲ್ಫೇಟೆಡ್ ಸಿಮೆಂಟಿಗೆ ನಮ್ಮಲ್ಲಿ ಐಎಸ್ 6909 ಎಂಬ ಮಾನಕವೇ ಇದೆ, ಆದರೆ ಚಿಲ್ಲರೆ ಅಂಗಡಿಯಲ್ಲಿ ಅದನ್ನು ಕೇಳಿದರೆ ಸಿಗುವುದಿಲ್ಲ. ಮುಂದೆ ನಿಮ್ಮಂಥ ನಾಲ್ಕಾರು ಘಟಕಗಳು ಸೇರಿ ಒಟ್ಟಾಗಿ ತರಿಸಿಕೊಳ್ಳುವ ಸ್ಥಿತಿ ಬಂದರೆ ನೆನಪಿನಲ್ಲಿರಲಿ.

ಜಿಯೋಪಾಲಿಮರ್ ಬಗ್ಗೆ ನಾನು ಹೆಚ್ಚು ಎಚ್ಚರಿಕೆ ಹೇಳಬೇಕಾಗುತ್ತದೆ. ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರುವ ನುಣ್ಣನೆಯ ಬೂದಿ) ಅಥವಾ ಸ್ಲ್ಯಾಗ್ ಅನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟ್ ದ್ರಾವಣದಿಂದ ಕೆರಳಿಸಿ ಮಾಡುವ ಈ ಬಂಧಕದಲ್ಲಿ ಕ್ಲಿಂಕರೇ ಇರುವುದಿಲ್ಲ, ಅರಳಿದ ಸುಣ್ಣವೂ ಅಷ್ಟಾಗಿ ಇರುವುದಿಲ್ಲ, ಅದು ನಿಜ. ಆದರೆ ಸುಣ್ಣದ ಕ್ಷಾರ ಹೋಗಿ ಸೋಡಿಯಂ ಕ್ಷಾರ ಬರುತ್ತದೆ. ತೆಂಗಿನ ನಾರಿನಿಂದ ಲಿಗ್ನಿನ್ ತೆಗೆಯಲು ಪ್ರಯೋಗಾಲಯದಲ್ಲಿ ಬಳಸುವುದೂ ಇದೇ ಕಾಸ್ಟಿಕ್ ಸೋಡಾವನ್ನೇ. ಪಾಲಿಪ್ರೊಪಿಲೀನ್ ನಾರಿನ ಜೊತೆ ಜಿಯೋಪಾಲಿಮರ್ ಚೆನ್ನಾಗಿ ಹೊಂದುತ್ತದೆ, ಸಸ್ಯದ ನಾರಿನ ಜೊತೆ ದೀರ್ಘಕಾಲದ ಭರವಸೆಯನ್ನು ನಾನು ಕೊಡಲಾರೆ. ಇಂಗಾಲದ ಲೆಕ್ಕದಲ್ಲೂ ಸೋಡಿಯಂ ಸಿಲಿಕೇಟ್ ತಯಾರಿಕೆಗೆ ಸಾಕಷ್ಟು ಶಾಖ ಬೇಕೆಂಬುದನ್ನು ಜಾಹೀರಾತುಗಳು ಬಿಟ್ಟುಬಿಡುತ್ತವೆ. ಇದೆಲ್ಲಕ್ಕಿಂತ ಮುಖ್ಯವಾದುದು ನಿಮ್ಮ ಕೆಲಸಗಾರರ ಕಣ್ಣು ಮತ್ತು ಚರ್ಮ. ಬರಿಗೈಯಲ್ಲಿ ನಾರು ಹರಡಿ ಅಚ್ಚು ತುಂಬುವ ಘಟಕದಲ್ಲಿ ಗಾಢ ಕಾಸ್ಟಿಕ್ ದ್ರಾವಣದ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು, ಮುಚ್ಚಿದ ಮಿಕ್ಸರ್, ಹತ್ತಿರದಲ್ಲೇ ಹರಿಯುವ ನೀರಿನ ನಲ್ಲಿ, ಇವೆಲ್ಲ ಇರುವ ಕಾರ್ಖಾನೆಗೆ ಅದು ತಕ್ಕುದು. ನಿಮ್ಮ ಶೆಡ್ಡಿಗೆ ಬೇಡ.

ಮೆಗ್ನೀಷಿಯಂ ಬೋರ್ಡಿನ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಅದರ ಕ್ಷಾರ ಕಡಿಮೆ, ಮರದ ಹೊಟ್ಟು ಮತ್ತು ಸಸ್ಯದ ನಾರಿಗೆ ಅದು ಒಗ್ಗುತ್ತದೆ, ಬೇಗ ಗಟ್ಟಿಯಾಗುತ್ತದೆ, ಬೆಂಕಿಯನ್ನೂ ತಡೆಯುತ್ತದೆ. ಆದರೆ ಮಾರುಕಟ್ಟೆಯ ಹೆಚ್ಚಿನ ಬೋರ್ಡುಗಳು ಮೆಗ್ನೀಷಿಯಂ ಆಕ್ಸಿಕ್ಲೋರೈಡ್ ಜಾತಿಯವು, ಅವು ನೀರನ್ನು ತಾಳುವುದಿಲ್ಲ. ಡೆನ್ಮಾರ್ಕಿನಲ್ಲಿ 2010ರ ನಂತರದ ವರ್ಷಗಳಲ್ಲಿ ಇಂಥ ಬೋರ್ಡುಗಳನ್ನು ಬಹಳಷ್ಟು ಕಟ್ಟಡಗಳ ಹೊರಗೋಡೆಗೆ ಗಾಳಿತಡೆಯಾಗಿ ಹಾಕಿದರು. ತೇವದ ಗಾಳಿಯನ್ನು ಹೀರಿಕೊಂಡ ಬೋರ್ಡುಗಳಿಂದ ಕ್ಲೋರೈಡ್ ತುಂಬಿದ ಉಪ್ಪುನೀರು ತೊಟ್ಟಿಕ್ಕಿತು, ಮೊಳೆಗಳು ತುಕ್ಕು ಹಿಡಿದವು, ಆಸರೆಯ ಮರ ಕೊಳೆಯಿತು, ಕೊನೆಗೆ ಬೋರ್ಡುಗಳನ್ನೇ ಕಿತ್ತು ಬದಲಿಸಬೇಕಾಯಿತು. ಅಲ್ಲಿ ಕೆಡಿಸಿದ್ದು ನೇರ ಮಳೆಯಲ್ಲ, ಗಾಳಿಯ ತೇವ ಎಂಬುದನ್ನು ಗಮನಿಸಿ. ಕಚೇರಿಯ ಒಳಗಿನ ಅಡ್ಡಗೋಡೆಗೆ ಅದನ್ನು ಯೋಚಿಸಬಹುದು, ಕೊಟ್ಟಿಗೆಯ ಚಾವಣಿಗಂತೂ ಬೇಡವೇ ಬೇಡ. ಚೀನಾದಲ್ಲಿ ಗಾಜಿನ ನಾರಿನ ಫಲಕಗಳಿಗೆ ಬಳಸುವ ಸಲ್ಫೋಅಲ್ಯುಮಿನೇಟ್ ಸಿಮೆಂಟು ಕೂಡ ಕ್ಷಾರ ಕಡಿಮೆಯಿರುವ ಒಳ್ಳೆಯ ವಸ್ತುವೇ, ಆದರೆ ಚಿಕ್ಕ ಘಟಕಕ್ಕೆ ಅದನ್ನು ತರಿಸುವುದು ಗಿಟ್ಟುವುದಿಲ್ಲ.

ನಿಮಗೆ ನಾನು ಮನಸಾರೆ ಶಿಫಾರಸು ಮಾಡುವುದು ಸುಟ್ಟ ಜೇಡಿಮಣ್ಣಿನ ದಾರಿಯನ್ನು. ಕಯೊಲಿನೈಟ್ ಎಂಬ ಖನಿಜ ಇರುವ ಜೇಡಿಮಣ್ಣನ್ನು 700ರಿಂದ 850 ಡಿಗ್ರಿಯಲ್ಲಿ ಸುಟ್ಟರೆ ಅದು ಸುಣ್ಣಕ್ಕಾಗಿ ಹಸಿದಿರುವ ಪುಡಿಯಾಗುತ್ತದೆ. ಕ್ಲಿಂಕರ್ ಬಿಡುವ ಸುಣ್ಣವನ್ನು ಅದು ಹೀರಿಕೊಂಡು ಬಲವಾದ ಅಂಟಾಗಿ ಮಾರ್ಪಡಿಸುತ್ತದೆ. ಕೃಷ್ಣರಾಜಸಾಗರ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದಿರುವ ಸುರ್ಕಿ (ಇಟ್ಟಿಗೆಪುಡಿ ಮತ್ತು ಸುಣ್ಣದ) ಗಾರೆಯ ರಸಾಯನವೂ ಮೂಲದಲ್ಲಿ ಇದೇ. ಇದರ ಇಂದಿನ ರೂಪವೇ ಎಲ್‌ಸಿ3. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಇಪಿಎಫ್‌ಎಲ್ ಸಂಸ್ಥೆ, ಕ್ಯೂಬಾದ ಸಾಂತಾ ಕ್ಲಾರಾ ವಿಶ್ವವಿದ್ಯಾಲಯ ಮತ್ತು ನಮ್ಮ ದೆಹಲಿ, ಮದ್ರಾಸ್, ಬಾಂಬೆ ಐಐಟಿಗಳು ಕೂಡಿ ಬೆಳೆಸಿದ ಈ ಸಿಮೆಂಟಿನಲ್ಲಿ ಕ್ಲಿಂಕರ್ ಶೇ 50, ಸುಟ್ಟ ಜೇಡಿಮಣ್ಣು ಶೇ 30, ಸುಡದ ಸುಣ್ಣದ ಕಲ್ಲಿನ ಪುಡಿ ಶೇ 15 ಮತ್ತು ಜಿಪ್ಸಂ ಶೇ 5ರಷ್ಟಿರುತ್ತದೆ. ಒಪಿಸಿಗೆ ಹೋಲಿಸಿದರೆ ಇಂಗಾಲ ಶೇ 30ರಿಂದ 40ರಷ್ಟು ಇಳಿಯುತ್ತದೆ. 2023ರಲ್ಲಿ ಇದಕ್ಕೆ ಐಎಸ್ 18189 ಎಂಬ ಭಾರತೀಯ ಮಾನಕವೂ ಬಂದಿದೆ. ವಾಸ್ತುಶಿಲ್ಪಿಗಳ ಮುಂದಿಡಲು ನಿಮಗೆ ಅದು ನೆರವಾಗುತ್ತದೆ.

ನಾರಿಗೂ ಇದೇ ಗೆಲುವು. ರಿಯೋ ಡಿ ಜನೈರೊದ ಫೆಡರಲ್ ವಿಶ್ವವಿದ್ಯಾಲಯದ ತಂಡ ಸಿಮೆಂಟಿನ ಸುಮಾರು ಅರ್ಧದಷ್ಟನ್ನು ಸುಟ್ಟ ಜೇಡಿಮಣ್ಣಿನಿಂದ ಬದಲಿಸಿ, ಬಿಡಿ ಸುಣ್ಣವೇ ಉಳಿಯದ ಗಾರೆಯಲ್ಲಿ ಸಿಸಾಲ್ ನಾರಿನ ಹಾಳೆಗಳನ್ನು ಮಾಡಿತು. ಬಲವಂತವಾಗಿ ವಯಸ್ಸಾಗಿಸುವ ಪರೀಕ್ಷೆಗಳ ನಂತರವೂ ಆ ಹಾಳೆಗಳು ಬಾಗುವ ಗುಣವನ್ನು ಉಳಿಸಿಕೊಂಡವು, ಬರಿಯ ಪೋರ್ಟ್‌ಲ್ಯಾಂಡ್ ಸಿಮೆಂಟಿನವು ಪೆಡಸಾದವು. ನಿಮ್ಮ ಊರಿನಲ್ಲಿ ಎಲ್‌ಸಿ3 ಚೀಲ ಸಿಗದಿದ್ದರೆ, ಐಎಸ್ 16354ಕ್ಕೆ ಒಪ್ಪುವ ಮೆಟಾಕಯೊಲಿನ್, ಅಂದರೆ ಕಯೊಲಿನೈಟ್ ಮಣ್ಣನ್ನು ಸುಟ್ಟ ಪುಡಿ, ತರಿಸಿ, ತೂಕದಲ್ಲಿ 70 ಪಾಲು ಒಪಿಸಿಗೆ 30 ಪಾಲು ಬೆರೆಸಿ ಆರಂಭಿಸಿ. ಬಿಡಿ ಸುಣ್ಣ ಬಹುಮಟ್ಟಿಗೆ ಮುಗಿಯುತ್ತದೆ. ಇಂಗಾಲ ಮಾತ್ರ ಎಲ್‌ಸಿ3ರಷ್ಟು ಇಳಿಯುವುದಿಲ್ಲ, ವೆಚ್ಚವೂ ಏರುತ್ತದೆ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು ಎಲ್ಲೆಡೆ ಸಿಗುತ್ತದೆ, ಅಗ್ಗ, ಒಪಿಸಿಗಿಂತ ಖಂಡಿತ ಮೇಲು, ಆದರೆ ಹಾರುಬೂದಿ ನಿಧಾನವಾಗಿ ಪ್ರತಿಕ್ರಿಯಿಸುವುದರಿಂದ ಮೊದಲ ಮಳೆಗಾಲದ ಹೊತ್ತಿಗೂ ಒಳಗೆ ಸಾಕಷ್ಟು ಸುಣ್ಣ ಉಳಿದಿರುತ್ತದೆ. ಪಕ್ಕದ ಇಟ್ಟಿಗೆ ಗೂಡಿನ ಚೂರುಗಳನ್ನು ಕುಟ್ಟಿ ಸುರ್ಕಿಯೆಂದು ಬೆರೆಸುವ ಆಸೆಯಾದರೆ ತಡೆಯಿರಿ. ಯಾವ ಮಣ್ಣು, ಎಷ್ಟು ಶಾಖ ಎಂಬುದು ಗೊತ್ತಿಲ್ಲದ ಇಟ್ಟಿಗೆಪುಡಿ ಒಂದು ದಿನ ಕೆಲಸ ಮಾಡಿ ಮರುದಿನ ಬರಿಯ ಮರಳಿನಂತೆ ಕೂರುತ್ತದೆ.

ಈ ದಾರಿಯಲ್ಲೂ ತೊಡಕುಗಳಿವೆ, ನಿಮ್ಮ ಮೇಸ್ತ್ರಿಯ ಅನುಭವಕ್ಕೆ ಬೆಲೆ ಕೊಡಬೇಕಾದುದು ಇಲ್ಲಿಯೇ. ಸ್ಲ್ಯಾಗ್ ಮತ್ತು ಹಾರುಬೂದಿಯ ಸಿಮೆಂಟುಗಳು ಮೊದಲ ದಿನಗಳಲ್ಲಿ ನಿಧಾನ, ಒಪಿಸಿಯ ಅಭ್ಯಾಸದಂತೆ ಮರುದಿನವೇ ಅಚ್ಚು ಬಿಚ್ಚಿ ಮೂರು ದಿನ ನೀರು ಚಿಮುಕಿಸಿ ಬಿಟ್ಟರೆ ಹಾಳೆ ಸಪ್ಪೆಯಾಗುವುದು ನಿಜ. ಎಲ್‌ಸಿ3 ಏಳು ದಿನಗಳ ಹೊತ್ತಿಗೆ ಒಪಿಸಿಯ ಸಮೀಪಕ್ಕೆ ಬರುತ್ತದೆ, ಆದರೂ ಡಿಸೆಂಬರಿನ ಚಳಿಯಲ್ಲಿ ಅಚ್ಚು ಬಿಚ್ಚಲು ಇನ್ನೊಂದು ದಿನ ಕಾಯಬೇಕಾದೀತು, ಅದಕ್ಕೆ ಹೆಚ್ಚುವರಿ ಅಚ್ಚುಗಳು ಬೇಕು. ಒದ್ದೆ ಗೋಣಿಚೀಲದ ಮೇಲೆ ಪ್ಲಾಸ್ಟಿಕ್ ಹೊದಿಸಿ ಕನಿಷ್ಠ 14 ದಿನ ತೇವ ಉಳಿಸಿ. ತೆಳುವಾದ ಹಾಳೆ ಒಮ್ಮೆ ಒಣಗಿತೆಂದರೆ ಸುಟ್ಟ ಜೇಡಿಮಣ್ಣಿನ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಈ ಪುಡಿ ನೀರನ್ನು ಹೆಚ್ಚು ಬೇಡುತ್ತದೆ, ಗಾರೆ ಬಿಗಿಯಾಯಿತೆಂದು ಕೆಲಸಗಾರರು ನೀರು ಸುರಿಯುತ್ತಾರೆ, ಅಲ್ಲಿಗೆ ಬಲ ಹೋಯಿತು. ನೀರಿನ ಬದಲು, ಗಾರೆಯನ್ನು ಸಡಿಲಗೊಳಿಸುವ ಸೂಪರ್‌ಪ್ಲಾಸ್ಟಿಸೈಜರ್ ಅಳೆದು ಹಾಕಿಸಿ.

ನಾರನ್ನು ಬೆರೆಸುವ ಮುನ್ನ ತೊಳೆದು, ಬಣ್ಣದ ನೀರು ಬರುವುದು ನಿಂತ ಮೇಲೆ ನೆನೆಸಿ ಹಿಂಡಿ ಬಳಸಿ. ಸಿಪ್ಪೆಯ ಕಂದು ರಸ ಸಿಮೆಂಟು ಗಟ್ಟಿಯಾಗುವುದನ್ನು ತಡಮಾಡುತ್ತದೆ, ಒಣ ನಾರು ಗಾರೆಯ ನೀರನ್ನೇ ಹೀರುತ್ತದೆ. ಉದ್ದ ನಾರು ಮಿಕ್ಸರಿನಲ್ಲಿ ಉಂಡೆ ಕಟ್ಟುತ್ತದೆ, ಎರಡು ಸೆಂಟಿಮೀಟರಿನ ಆಸುಪಾಸಿಗೆ ಕತ್ತರಿಸಿದರೆ ಹರಡಲು ಸುಲಭ.

ಕೋಳಿಬಲೆಯಂಥ ಉಕ್ಕಿನ ಜಾಲರಿಯನ್ನು ಹಾಳೆಯೊಳಗೆ ಹಾಕುವ ಅಭ್ಯಾಸವಿದ್ದರೆ ಈ ಬದಲಾವಣೆಯ ಜೊತೆಗೇ ನಿಲ್ಲಿಸಿ. ಸುಣ್ಣ ಕಡಿಮೆಯಾದ ಹಾಳೆಯನ್ನು ಗಾಳಿ ಬೇಗ ತಟಸ್ಥಗೊಳಿಸುತ್ತದೆ. ನಾರಿಗೆ ಅದರಿಂದ ಒಳಿತು, ಉಕ್ಕಿನ ರಕ್ಷೆ ಮಾತ್ರ ಹೋಗುತ್ತದೆ. ಹತ್ತು ಮಿಲಿಮೀಟರ್ ದಪ್ಪದಲ್ಲಿ ತುಕ್ಕಿಗೆ ಹೆಚ್ಚು ಕಾಲ ಬೇಕಿಲ್ಲ. ಜಾಲರಿ ಬೇಕೇಬೇಕೆಂದರೆ ಜಿರ್ಕೋನಿಯಾ ಸೇರಿಸಿದ, ಕ್ಷಾರ ತಾಳುವ ಗಾಜಿನ ಜಾಲರಿಯನ್ನು ಹಾಕಿ. ಸಾಮಾನ್ಯ ಗಾಜಿನ ನಾರು, ಇ-ಗ್ಲಾಸ್, ಸಿಮೆಂಟಿನಲ್ಲಿ ಕರಗುತ್ತದೆ.

ಚಾವಣಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಯಾವ ಸಿಮೆಂಟು ಬಂದರೂ, ಸಸ್ಯದ ನಾರನ್ನೇ ನಂಬಿದ ದೊಡ್ಡ ಅಲೆಹಾಳೆಯನ್ನು ಜನ ಓಡಾಡುವ ಜಾಗದ ಮೇಲೆ ಹೊದಿಸಬೇಡಿ. 1970 ಮತ್ತು 80ರ ದಶಕಗಳಲ್ಲಿ ಆಫ್ರಿಕಾದ ಹಲವು ದೇಶಗಳಲ್ಲಿ ಸಿಸಾಲ್ ನಾರಿನ ಚಾವಣಿ ಹಾಳೆಗಳು ಹೀಗೆಯೇ ಕೆಲವೇ ವರ್ಷಗಳಲ್ಲಿ ಒಡೆದವು. ಆ ಪಾಠದಿಂದಲೇ ನಾರನ್ನು ಕೈಬಿಟ್ಟ, ಕಂಪಿಸುವ ಮೇಜಿನ ಮೇಲೆ ತಯಾರಿಸುವ ಚಿಕ್ಕ ಮೈಕ್ರೋ ಕಾಂಕ್ರೀಟ್ ಹಂಚುಗಳು ಬಂದವು, ಭಾರತದಲ್ಲಿ ಡೆವಲಪ್‌ಮೆಂಟ್ ಆಲ್ಟರ್ನೇಟಿವ್ಸ್ ಸಂಸ್ಥೆ ಅವನ್ನು ಹಳ್ಳಿಗಳಿಗೆ ಮುಟ್ಟಿಸಿತು. ನಿಮ್ಮ ಚಾವಣಿ ಗ್ರಾಹಕರಿಗೆ ಅದೇ ಹಂಚನ್ನು ಕಡಿಮೆ ಕ್ಲಿಂಕರಿನ ಸಿಮೆಂಟಿನಲ್ಲಿ ಮಾಡಿಕೊಡಿ. ಅಲ್ಲಿ ಸ್ಲ್ಯಾಗ್ ಸಿಮೆಂಟೂ ನಿಶ್ಚಿಂತೆಯಿಂದ ನಡೆಯುತ್ತದೆ, ಏಕೆಂದರೆ ಕಾಪಾಡಬೇಕಾದ ನಾರೇ ಇಲ್ಲ. ತೆಂಗಿನ ನಾರನ್ನು ಗೋಡೆ ಹಾಳೆ, ಅಡ್ಡಗೋಡೆ, ಒಳಚಾವಣಿಗಳಿಗೆ ಇಟ್ಟುಕೊಳ್ಳಿ.

ಹೊಸ ಮಿಶ್ರಣವನ್ನು ಮಾರುವ ಮುನ್ನ ಒಂದು ಪರೀಕ್ಷೆ ಮಾಡಿ. ಹಳೆಯ ಮತ್ತು ಹೊಸ ಮಿಶ್ರಣಗಳಲ್ಲಿ ಒಂದೇ ಅಳತೆಯ ಪಟ್ಟಿಗಳನ್ನು ಎರಕಹೊಯ್ದು, 28 ದಿನಗಳ ನಂತರ ಅರ್ಧದಷ್ಟನ್ನು ಒಳಗೆ ಒಣಗಿಡಿ. ಉಳಿದವನ್ನು ಒಂದು ದಿನ ನೀರಿನಲ್ಲಿ, ಒಂದು ದಿನ ಬಿಸಿಲಿನಲ್ಲಿ ಎಂಬಂತೆ 25 ಸುತ್ತು ನಡೆಸಿ. ಬಳಿಕ ಪಟ್ಟಿಯನ್ನು ಎರಡು ಆಸರೆಗಳ ಮೇಲಿಟ್ಟು ನಡುವೆ ಬಕೆಟ್ಟು ತೂಗುಬಿಟ್ಟು ಮರಳು ಸುರಿಯುತ್ತಾ ಹೋಗಿ. ಮೊದಲ ಬಿರುಕಿನ ಭಾರವನ್ನು ಬರೆದುಕೊಳ್ಳಿ. ಬಿರುಕು ಬಿಟ್ಟ ಮೇಲೆ ಪಟ್ಟಿ ಭಾರವನ್ನು ಹಿಡಿದು ಬಾಗುತ್ತದೆಯೋ, ಥಟ್ಟನೆ ಬೀಳುತ್ತದೆಯೋ ಎಂಬುದನ್ನು ಅದಕ್ಕಿಂತ ಗಮನವಿಟ್ಟು ನೋಡಿ. ನಾರು ಬದುಕಿದೆಯೋ ಇಲ್ಲವೋ ತಿಳಿಯುವುದು ಆ ಕ್ಷಣದಲ್ಲೇ. ಒಳ್ಳೆಯ ಫಲ ಬಂದರೆ ಅದೇ ಮಿಶ್ರಣವನ್ನು ಸಿವಿಲ್ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ ವರದಿ ಪಡೆಯಿರಿ. ವಾಸ್ತುಶಿಲ್ಪಿಗಳಿಗೆ ಆ ವರದಿಯನ್ನೂ, ಒಂದು ಚದರ ಮೀಟರ್ ಹಾಳೆಯಲ್ಲಿ ಎಷ್ಟು ಕಿಲೋ ಕ್ಲಿಂಕರ್ ಇದೆಯೆಂಬ ಲೆಕ್ಕವನ್ನೂ ಕೊಡಿ. ‘ಇಂಗಾಲಮುಕ್ತ’ ಎಂದು ಮಾತ್ರ ಬರೆಯಬೇಡಿ.

ಈಗಾಗಲೇ ಮಾರಿರುವ ಚಾವಣಿ ಹಾಳೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮೂರು ಮಳೆಗಾಲ ಕಂಡ ಹಾಳೆಗಳಿರುವ ಗ್ರಾಹಕರ ಪಟ್ಟಿ ಮಾಡಿ, ಅವುಗಳ ಮೇಲೆ ಯಾರೂ ಕಾಲಿಡಬಾರದೆಂದು ತಿಳಿಸಿ. ದುರಸ್ತಿಗೆ ಹತ್ತಲೇಬೇಕಾದರೆ ಕೆಳಗಿನ ತೊಲೆಗಳಿಗೆ ಆನಿಸಿದ ಹಲಗೆಯ ಮೇಲೆಯೇ ನಡೆಯಬೇಕು. ಮನುಷ್ಯರು ಮಲಗುವ, ಮಕ್ಕಳು ಆಡುವ ಜಾಗದ ಮೇಲಿನ ಹಾಳೆಗಳನ್ನು ಮುಂದಿನ ಮಳೆಗಾಲಕ್ಕೆ ಮುಂಚೆ ಮೊದಲು ಬದಲಿಸಿ, ಕೊಟ್ಟಿಗೆ ಮತ್ತು ವಾಹನಗಳ ಮೇಲಿನವನ್ನು ಆಮೇಲೆ.